ಏಳನೇ ವಾರ: ಮರಕ್ಕೆ ಬಣ್ಣ ಬಂತು

ಬಿಡಿಭಾಗಗಳ ಕಿಟ್ ತರಿಸಿ ಹಳೇ ಕಾಲದ ಮಾದರಿಯ ಕೋವಿಯೊಂದನ್ನು ಕಟ್ಟುತ್ತಿದ್ದೇನೆ. ನಿನ್ನೆ ರಾತ್ರಿ ಅದರ ಮರಕ್ಕೆ ಬಣ್ಣ ಏರಿಸಿದೆ. ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣ ಕರಗಿಸಿದ ದ್ರಾವಣ. ಇಲ್ಲಿ ಕೋವಿ ಕಟ್ಟುವವರು ಇದನ್ನು ಅಕ್ವಾ ಫೋರ್ಟಿಸ್ ಅಂತಾರೆ. ಬಳಿದಾಗ ಮೇಪಲ್ ಮರ ಹಸಿರು ಬೆರೆತ ಹಳದಿಗೆ ತಿರುಗಿ, ಎಲ್ಲ ಕೆಟ್ಟೇ ಹೋಯಿತೇನೋ ಅನ್ನಿಸಿತು. ಗ್ಯಾರೇಜಿನ ಬಾಗಿಲು ತೆರೆದಿಟ್ಟು, ಹೀಟ್ ಗನ್ ಹಿಡಿದು ಗೇಣುಗೇಣಾಗಿ ಕಾಯಿಸುತ್ತ ಹೋದೆ. ಕಾದಲ್ಲೆಲ್ಲ ಕೆಂಪುಗಂದು ಎದ್ದಿತು, ಅದರೊಳಗೆ ಹುಲಿಪಟ್ಟೆಯಂಥ ಅಡ್ಡಗೆರೆಗಳು. ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ.

ಇದು ಅಮೆರಿಕದ ಓಹಿಯೋದ ಕಿಬ್ಲರ್ ಅವರ ಸದರ್ನ್ ಮೌಂಟನ್ ರೈಫಲ್ ಕಿಟ್. ಪಾಯಿಂಟ್ 40 ಕ್ಯಾಲಿಬರ್, ಚಕಮಕಿ ಕಲ್ಲಿನ ಲಾಕ್ (ಕಿಡಿ ಹಾರಿಸುವ ಭಾಗ), ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ. ಮರವನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕೊರೆದು ಕಳಿಸುತ್ತಾರೆ.

ನಮ್ಮ ಕೋವಿ ಕ್ಲಬ್ಬಿನ ಹಿರಿಯರೊಬ್ಬರು ಕಿಟ್ ಇಲ್ಲದೆ ಬರೀ ಹಲಗೆಯಿಂದಲೇ ಕೋವಿ ಕಟ್ಟುವವರು. ಅವರು ಲಾಕ್ ಕೂರಿಸುವುದನ್ನು ಎರಡು ಶನಿವಾರ ನೋಡಿದೆ. ಲಾಕಿಗೆ ಮಸಿ ಹಚ್ಚಿ ಮರಕ್ಕೆ ಒತ್ತುತ್ತಾರೆ. ಕಪ್ಪು ಅಂಟಿದ ಕಡೆ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಕೆತ್ತುತ್ತಾರೆ. ಮತ್ತೆ ಮಸಿ, ಮತ್ತೆ ಒತ್ತು. ಎಪ್ಪತ್ತರವರೆಗೆ ಎಣಿಸಿ ಬಿಟ್ಟೆ. ನನ್ನ ಕಿಟ್ಟಿನ ಲಾಕ್ ಹೆಬ್ಬೆರಳಲ್ಲಿ ಒತ್ತಿದರೆ ಕೂತಿತ್ತು.

ಹಾಗಂತ ಕಿಟ್ ಅಂದರೆ ಕಡಿಮೆ ದರ್ಜೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗುರಿ ನಳಿಗೆಯದು, ಕಿಡಿ ಲಾಕಿನದು. ಪೂರ್ತಿ ಕಸ್ಟಮ್ ಕಟ್ಟುವವರಲ್ಲೂ ಬಹಳ ಮಂದಿ ಇವೆರಡನ್ನು ಕೊಂಡೇ ತರುತ್ತಾರೆ. ಅವರ ವಿದ್ಯೆಯೆಲ್ಲ ಇರುವುದು ಮರದಲ್ಲಿ. ಹೊಸಬರು ಸೋಲುವುದೂ ಅಲ್ಲೇ: ಹೆಚ್ಚು ಕೆತ್ತಲು ಹೆದರಿ ಮರವನ್ನು ದಪ್ಪ ಬಿಡುತ್ತಾರೆ. ಲಾಂಗ್‌ರೈಫಲ್ಲಿನ, ಅಂದರೆ ಇಂಥ ಉದ್ದ ನಳಿಗೆಯ ಕೋವಿಯ, ಚಂದವೆಲ್ಲ ಅದರ ತೆಳುವಿನಲ್ಲಿದೆ. ಕಿಟ್ಟಿನಲ್ಲಿ ಆ ರೂಪವನ್ನು ಬಲ್ಲವರು ಮೊದಲೇ ಕೂರಿಸಿರುತ್ತಾರೆ, ನಾನದನ್ನು ಕೆಡಿಸದಿದ್ದರೆ ಸಾಕು. ನಾಲ್ಕನೇ ವಾರ ಸ್ವಲ್ಪ ಕೆಡಿಸಿಯೂ ಆಯಿತು. ಲಾಕಿನ ಸುತ್ತಲಿನ ಚೂಪು ಅಂಚನ್ನು ಬರೀ ಬೆರಳಲ್ಲಿ ಉಪ್ಪು ಕಾಗದ ಹಿಡಿದು ಉಜ್ಜಿ ದುಂಡಗೆ ಮಾಡಿಬಿಟ್ಟೆ. ಈಗ ಮರದ ತುಂಡಿಗೆ ಕಾಗದ ಸುತ್ತದೆ ಉಜ್ಜುವುದೇ ಇಲ್ಲ.

ಆದರೆ ಕಿಟ್ಟಿನಲ್ಲಿ ಆಯ್ಕೆ ಕಡಿಮೆ. ಮರದ ದರ್ಜೆ, ಕ್ಯಾಲಿಬರ್, ಇಂಥವಷ್ಟೇ. ಪೆನ್ಸಿಲ್ವೇನಿಯಾದ ಹಳೇ ಶೈಲಿಗಳಲ್ಲಿ ಲ್ಯಾಂಕಾಸ್ಟರ್‌ನದೋ ಲೀಹೈ ಕಣಿವೆಯದೋ, ಕೆನ್ನೆ ಎಲ್ಲಿ ಕೂರಬೇಕು, ತೋಳಿಗೆ ಎಷ್ಟು ಉದ್ದ ಬೇಕು, ಇದೆಲ್ಲ ನಮ್ಮ ಇಷ್ಟದಂತೆ ಆಗಬೇಕಾದರೆ ಹಲಗೆಯೇ ಬೇಕು. ಕೊಡಗಿನ ಮನೆಯಲ್ಲಿ ಅಜ್ಜನ ಕೇಪಿನ ಕೋವಿ ಇದೆ. ಆಯುಧ ಪೂಜಿಸುವ ಕೈಲು ಮುಹೂರ್ತದ ಹಬ್ಬಕ್ಕೆ ಅದರ ಬಾಯಿಗೆ ತೋಕ್‌ಪೂ, ಅಂದರೆ ಕೋವಿ ಹೂ, ಸಿಕ್ಕಿಸುತ್ತಿದ್ದುದು ನಾನೇ. ಹೆಗಲಿಗಿಟ್ಟರೆ ನನ್ನ ಕೆನ್ನೆ ಹುಡುಕದೆ ತಾನೇ ಅದರ ಮೇಲೆ ಕೂರುತ್ತದೆ. ಆ ಅಳತೆ ಯಾವ ಕಿಟ್ಟಿನಲ್ಲೂ ಸಿಗುವುದಿಲ್ಲ.

ಟ್ರಿಗರ್‌ನಿಂದ ಬುಡದವರೆಗಿನ ಅಳತೆ ತೆಗೆದು ಕಳಿಸು ಅಂತ ತಮ್ಮನಿಗೆ ಹೇಳಿದ್ದೆ, ಬೆಳಿಗ್ಗೆ ಬಂತು: ಹದಿಮೂರೂ ಕಾಲು ಇಂಚು. ಬೆಂಚಿನ ಮೇಲಿನ ಗೋಡೆಗೆ ಬರೆದಿಟ್ಟಿದ್ದೇನೆ. ಈ ವಾರ ಮರವನ್ನು ಅಡಿಗೆ ಸೋಡಾ ನೀರಲ್ಲಿ ಒರೆಸಿ ಆಮ್ಲ ತೆಗೆದು, ಒಣಗಿದ ಮೇಲೆ ಅಗಸೆ ಎಣ್ಣೆಯ ಮೊದಲ ಕೈ.