ತುಂಗೆಯ ಕಿವಿ

14 ನವೆಂಬರ್ 2024, ಗುರುವಾರ

ನಮ್ಮ ಕರು ತುಂಗೆಯನ್ನು ತೋಟದ ಮೂಲೆಯಲ್ಲಿ ಹೂತು ಇವತ್ತಿಗೆ ಒಂಬತ್ತು ದಿನ. ಬೆಳಗ್ಗೆ ಡಾಕ್ಟ್ರು ಫೋನ್ ಮಾಡಿದ್ದರು. "ಅಕ್ಕಾ, ರಿಪೋರ್ಟ್ ಬಂತು. ಮೈಕೋಪ್ಲಾಸ್ಮಾ ಬೋವಿಸ್ ಅನ್ನೋ ಬ್ಯಾಕ್ಟೀರಿಯಾ. ಗೌರಿ ಹಾಲಲ್ಲೂ ಇದೆ, ಕರುವಿನ ಶ್ವಾಸಕೋಶದಲ್ಲೂ ಇದೆ."

ಮೊದಲು ನಮ್ಮ ಹಸು ಗೌರಿಗೆ ಕೆಚ್ಚಲು ಬಾವು ಬಂದಿತ್ತು. ಒಂದು ತೊಟ್ಟಲ್ಲಿ ಶುರುವಾಗಿದ್ದು ನಾಲ್ಕಕ್ಕೂ ಹರಡಿತು. ಆದರೂ ಅವಳು ಮೇವು ಬಿಡಲಿಲ್ಲ, ಮಂಕಾಗಲೂ ಇಲ್ಲ. ಹಾಲು ಮಾತ್ರ ಇಳಿಯಿತು. ಲೋಟದಲ್ಲಿ ಇಟ್ಟರೆ ಮೇಲೆ ನೀರು, ತಳದಲ್ಲಿ ರವೆಯಂಥ ಗಸಿ. ಇಂಜೆಕ್ಷನ್ ಆಯಿತು, ತೊಟ್ಟಿಗೆ ಟ್ಯೂಬ್ ಆಯಿತು, ಜಗ್ಗಲಿಲ್ಲ. ಆಗ ಹಾಲು ಪರೀಕ್ಷೆಗೆ ಕೊಟ್ಟರೆ 'ಏನೂ ಬೆಳೆದಿಲ್ಲ' ಅಂತ ಬಂದಿತ್ತು.

ಯಾಕೆ ಅಂತ ಡಾಕ್ಟ್ರು ಇವತ್ತು ಬಿಡಿಸಿ ಹೇಳಿದರು. ಇದನ್ನು ಲ್ಯಾಬ್‌ನಲ್ಲಿ ಬೆಳೆಸೋಕೆ ಬೇರೆಯದೇ ಆಹಾರ ಹಾಕಬೇಕಂತೆ, ವಾರ ಹತ್ತು ದಿನ ಕಾಯಬೇಕಂತೆ. ಬೇರೆ ಬ್ಯಾಕ್ಟೀರಿಯಾಗಳಿಗೆ ಇರುವ ಹೊರಗೋಡೆ ಇದಕ್ಕಿಲ್ಲ. ಪೆನಿಸಿಲಿನ್ ಒಡೆಯೋದು ಆ ಗೋಡೆಯನ್ನೇ. ಗೋಡೆಯೇ ಇಲ್ಲದ ಮೇಲೆ ಅದು ಏನು ಮಾಡೀತು?

ಆ ಹಾಲನ್ನು ಡೇರಿಗೆ ಹಾಕುವ ಹಾಗಿರಲಿಲ್ಲ. ಚೆಲ್ಲೋಕೆ ಮನಸ್ಸು ಬರಲಿಲ್ಲ. ತುಂಗೆಗೆ ಕುಡಿಸಿದೆ. ನನ್ನ ಕೈಯಾರೆ, ಹತ್ತು ದಿನ. ನಮ್ಮೂರಲ್ಲಿ ಎಲ್ಲರೂ ಮಾಡೋದೇ ಹಾಗೆ. ಇದನ್ನು ಬರೀತಿರೋದೂ ಅದಕ್ಕೇ.

ಬಲಗಿವಿ ಜೋತುಬಿದ್ದಾಗ ಉಣ್ಣೆ ಹೊಕ್ಕಿರಬೇಕು ಅಂದುಕೊಂಡೆ. ಬೇವಿನೆಣ್ಣೆ ಬಿಟ್ಟೆ. ಆಮೇಲೆ ತಲೆಯೇ ಆ ಕಡೆ ವಾಲಿತು. ಕೆಮ್ಮು ಶುರುವಾಯಿತು. ಮುಂಗಾಲ ಮಂಡಿ ಊದಿ ಬಿಸಿಯಾಗಿತ್ತು, ಏಳಬೇಕಾದರೆ ನಡುಗೋಳು. ಕಿವಿಗೊಂದು, ಕಾಲಿಗೊಂದು, ಎದೆಗೊಂದು ಅಂತ ಮೂರು ಮದ್ದು ಹುಡುಕಿದೆ. ಮೂರೂ ಒಂದೇ ಕಾಯಿಲೆ ಅಂತ ಹೊಳೆಯಲೇ ಇಲ್ಲ.

ಸತ್ತ ಮೇಲೆ ಡಾಕ್ಟ್ರು ಎದೆ ಕೊಯ್ದು ತೋರಿಸಿದರು. ಸ್ಪಂಜಿನ ಹಾಗೆ ಇರಬೇಕಾದ ಶ್ವಾಸಕೋಶ ಈಲಿಯ ಹಾಗೆ ಗಟ್ಟಿ, ಕೆಂಪು. ಅದರೊಳಗೆ ಅಲ್ಲಲ್ಲಿ ಬಿಳಿ ಗಂಟು. ಕತ್ತರಿಸಿದರೆ ಹಿಂಡಿದ ಮೊಸರಿನಂಥದ್ದು ಹೊರಗೆ ಬಂತು. "ಇಷ್ಟು ದೂರ ಬಂದ ಮೇಲೆ ಯಾವ ಔಷಧಿಯೂ ಒಳಗೆ ಇಳಿಯಲ್ಲ ಅಕ್ಕಾ" ಅಂದರು. ಅತ್ತೆ ಅಲ್ಲಿ ನಿಲ್ಲಲಾರದೆ ಒಳಗೆ ಹೋದರು.

ಪಕ್ಕದ ಮನೆಯವರಿಗೆ ಬಾಣಂತಿ ಸೊಸೆಯ ಮಗುವಿನ ಭಯ. ಅದನ್ನೂ ಡಾಕ್ಟ್ರ ಹತ್ತಿರ ಕೇಳಿದೆ. ದಿನ ತುಂಬದೆ ಹುಟ್ಟಿದ ಕೂಸುಗಳ ಶ್ವಾಸಕೋಶ ಕೆಡಿಸುವ ಯೂರಿಯಾಪ್ಲಾಸ್ಮಾ ಅನ್ನೋ ರೋಗಾಣು ಇದರ ಸಂಬಂಧಿಯೇ, ಆದರೆ ಅದು ತಾಯಿಯಿಂದ ಬರುವಂಥದ್ದು, ಹಸುವಿನಿಂದಲ್ಲ ಅಂದರು. ನಮ್ಮ ಗೌರಿಯದ್ದು ದನಗಳ ಕಾಯಿಲೆ. ನ್ಯೂಜಿಲೆಂಡಿನಲ್ಲಿ 2017ರಲ್ಲಿ ಇದು ಕಾಣಿಸಿಕೊಂಡಾಗ, ದೇಶದಿಂದಲೇ ಅಳಿಸಬೇಕು ಅಂತ ಲಕ್ಷಕ್ಕೂ ಜಾಸ್ತಿ ದನಗಳನ್ನು ಕೊಂದರಂತೆ. ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು.

ಗೌರಿ ಈಗ ಹಿಂದಿನ ಚಪ್ಪರದಲ್ಲಿ ಒಬ್ಬಳೇ. ಬೇರೆ ಹಸುಗಳದ್ದು ಮುಗಿಸಿ ಕೊನೆಗೆ ಅವಳ ಹಾಲು ಕರೆದು, ಅದನ್ನು ಸುಣ್ಣದ ಗುಂಡಿಗೆ ಸುರಿದು, ಕೈ ತಿಕ್ಕಿ ತೊಳೆದುಕೊಂಡು ಬರುತ್ತೇನೆ. ಉಳಿದಿರೋ ಸಣ್ಣ ಕರುವಿಗೆ ಇನ್ನೊಂದು ಹಸು ಲಕ್ಷ್ಮಿಯ ಹಾಲು, ಅದೂ ಕಾಯಿಸಿ ಆರಿಸಿದ್ದು. ಕಾಯಿಸಿದರೆ ಈ ರೋಗಾಣು ಉಳಿಯಲ್ಲ.

ಸಂಜೆ ಅದರ ಕಿವಿ ಹಿಡಿದು ನೋಡಿದೆ. ಎರಡೂ ನೆಟ್ಟಗಿವೆ. ಒಂದು ಸಲ ಕೆಮ್ಮಿತು. ನಾಳೆ ಬೆಳಗ್ಗೆಯೇ ಡಾಕ್ಟ್ರನ್ನು ಕರೆಸುತ್ತೇನೆ.