ಬಬಲ್ ಟಿಪ್ ಕೊನೆಗೂ ಉಗುಳುವುದನ್ನು ನಿಲ್ಲಿಸಿತು

ನನ್ನ ಬಬಲ್ ಟಿಪ್ ಅನೆಮೊನಿಗೆ (ಬಂಡೆಗೆ ಅಂಟಿಕೊಂಡು ಬದುಕುವ, ಹೂವಿನಂತೆ ಕಾಣುವ ಕಡಲ ಪ್ರಾಣಿ) ಕೊಟ್ಟ ಸೀಗಡಿ ಪೂರ್ತಿ ಒಳಗೇ ಉಳಿದಿದೆ! ಮಾರನೆಯ ದಿನ ಹೊರಗೆ ಬಂದದ್ದು ಸ್ವಲ್ಪ ಕಂದು ಲೋಳೆ ಮಾತ್ರ. ಕಂದು ಲೋಳೆ ನೋಡಿ ಮನೆಯವರನ್ನೆಲ್ಲ ಕರೆದು ತೋರಿಸುವ ಖುಷಿ ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೇ ಗೊತ್ತು.

ಟ್ಯಾಂಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ಉಪ್ಪಿನ ಮಟ್ಟ (ಸ್ಪೆಸಿಫಿಕ್ ಗ್ರಾವಿಟಿ) 1.025, ನೀರು 25ರಿಂದ 26 ಡಿಗ್ರಿ, ಅಮೋನಿಯಾ ಸೊನ್ನೆ. ಅನೆಮೊನಿ ಬಂಡೆಯ ಸಂದಿಯಲ್ಲಿ ಪಾದ ಊರಿ ಗಟ್ಟಿಯಾಗಿ ಕೂತಿದೆ. ಅಲೆದಾಟ ಇಲ್ಲ, ಬಣ್ಣ ಚೆನ್ನಾಗಿದೆ, ಬಾಯಿ ಬಿಗಿಯಾಗಿದೆ. ಕಾಯಿಲೆಯ ಒಂದು ಲಕ್ಷಣವೂ ಇರಲಿಲ್ಲ. ಆದರೂ ಸಂಜೆ ನುಂಗಿದ್ದು ಬೆಳಿಗ್ಗೆ ಮರಳಿನ ಮೇಲೆ ಬಿದ್ದಿರುತ್ತಿತ್ತು. ಲೋಳೆ ಸುತ್ತಿದ ಬಿಳಿ ಮಾಂಸದ ಉಂಡೆ. ಅದೂ ಸೈಫನ್ ಪೈಪು ತಲುಪದ ಮೂಲೆಯಲ್ಲೇ.

ವಾರಕ್ಕೆ ಎಷ್ಟು ಸಲ ಕೊಡಬೇಕು ಅಂತ ಎಲ್ಲರೂ ಕೇಳುತ್ತಾರೆ. ನನಗೆ ಈಗ ಅದು ಎರಡನೆಯ ಪ್ರಶ್ನೆ. ಕೊಟ್ಟದ್ದು ಒಳಗೆ ಉಳಿಯುತ್ತಿದೆಯಾ ಅನ್ನುವುದು ಮೊದಲನೆಯದು. ಉಗುಳಿದರೆ ಅನೆಮೊನಿಗೆ ಊಟವೂ ಇಲ್ಲ, ಹಿಡಿದು ನುಂಗಿದ ಶ್ರಮವೂ ವ್ಯರ್ಥ. ನಮಗೆ ಉಳಿಯುವುದು ಕೊಳೆತ ಆಹಾರದಿಂದ ನೀರಿಗೆ ಸೇರುವ ನೈಟ್ರೇಟ್ ಮಾತ್ರ.

ಮೊದಲು ಅಂತರ ಹೆಚ್ಚಿಸಿ ನೋಡಿದೆ. ಅನೆಮೊನಿಗೆ ಇರುವುದು ಒಂದೇ ದಾರಿ. ತಿನ್ನುವುದೂ ಕಸ ಹೊರಹಾಕುವುದೂ ಅದೇ ಬಾಯಿಂದ. ಹಿಂದಿನದು ಕರಗುವ ಮೊದಲೇ ಹೊಸದು ಬಂದರೆ ಉಗುಳುವುದು ಸಹಜ. ಆದರೆ ಹದಿನೈದು ದಿನಕ್ಕೊಮ್ಮೆ ಕೊಟ್ಟರೂ ಉಂಡೆ ಬೀಳುವುದು ತಪ್ಪಲಿಲ್ಲ. ಹಾಗಾದರೆ ದಿನದ ಲೆಕ್ಕದಲ್ಲಿ ತೊಂದರೆ ಇಲ್ಲ ಅಂತ ಖಾತ್ರಿಯಾಯಿತು.

ಆಮೇಲೆ ತುಂಡಿನ ಗಾತ್ರ. ದೊಡ್ಡ ತುಂಡು ಹೊರಗಿನಿಂದ ಒಳಕ್ಕೆ ನಿಧಾನವಾಗಿ ಕರಗಬೇಕು. ಬೆಚ್ಚಗಿನ ನೀರಲ್ಲಿ ಮಾಂಸ ಅಷ್ಟು ಹೊತ್ತು ಕೆಡದೆ ಇರುವುದಿಲ್ಲ. ಅದಕ್ಕೇ ಸೀಗಡಿಯನ್ನು ಕಡಲೆಬೇಳೆಯಷ್ಟು ಸಣ್ಣಗೆ ಹೆಚ್ಚಿದೆ. ಪವರ್‌ಹೆಡ್ (ನೀರು ಹರಿಸುವ ಪಂಪ್) ನಿಲ್ಲಿಸಿ, ಟೆಂಟಕಲ್‌ಗೆ (ಅನೆಮೊನಿಯ ಬೆರಳಿನಂಥ ಎಳೆ) ತಾಗಿಸಿ, ಅಂಟಿಕೊಂಡ ಮೇಲೆ ಚಿಮಟ ಬಿಟ್ಟೆ. ಬಾಯೊಳಗೆ ತುರುಕುವುದು ಬೇಡವೇ ಬೇಡ. ಹಸಿವಿದ್ದರೆ ಅದೇ ಮಡಚಿಕೊಂಡು ಒಳಗೆ ತೆಗೆದುಕೊಳ್ಳುತ್ತದೆ. ಉಂಡೆ ಬೀಳುವುದು ತುಂಬಾ ಕಡಿಮೆಯಾಯಿತು. ಆದರೆ ಪೂರ್ತಿ ನಿಲ್ಲಲಿಲ್ಲ, ನನ್ನ ನಿದ್ದೆ ಕೆಟ್ಟದ್ದು ಇಲ್ಲೇ.

ಲೈಟ್ ಆರಿಸಿ ಕೆಂಪು ಟಾರ್ಚ್ ಹಿಡಿದು ಕೂತೆ. ಕಳ್ಳ ಸಿಕ್ಕಿದ. ಕ್ಲೀನರ್ ಶ್ರಿಂಪ್, ಮೀನುಗಳ ಮೈ ಶುಚಿ ಮಾಡಲು ಟ್ಯಾಂಕಿನಲ್ಲಿರುವ ಜೀವಂತ ಸೀಗಡಿ! ಅನೆಮೊನಿಯ ಮೇಲೆ ಹತ್ತಿ, ಬಾಯೊಳಗೆ ಕೈ ಹಾಕಿ, ನುಂಗಿದ ತುಂಡನ್ನು ಎಳೆದು ತೆಗೆಯುತ್ತಿತ್ತು. ಎಳೆದದ್ದರಲ್ಲಿ ಅರ್ಧ ತಿಂದು ಉಳಿದದ್ದನ್ನು ಕೆಳಗೆ ಬಿಡುತ್ತಿತ್ತು. ಅಂದರೆ ಆ ಉಂಡೆಗಳಲ್ಲಿ ಕೆಲವು ಉಗುಳಿದವೇ ಅಲ್ಲ. ಇಂಥ ಕಳ್ಳತನವನ್ನು ಅಜೀರ್ಣ ಅಂದುಕೊಂಡು ಔಷಧಿ ಹುಡುಕುವವರು ಎಷ್ಟು ಜನ ಇರಬಹುದು!

ಪರಿಹಾರ ಸುಲಭ. ಅಗಲವಾದ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿ, ಸುತ್ತ ತೂತು ಹಾಕಿದೆ. ಮೊದಲು ಟ್ಯಾಂಕಿನ ಇನ್ನೊಂದು ತುದಿಯಲ್ಲಿ ಶ್ರಿಂಪ್‌ಗೆ ಅದರ ಪಾಲು. ಅದು ಅಲ್ಲಿ ಬಿಜಿ ಇರುವಾಗ ಅನೆಮೊನಿಗೆ ತುಂಡು, ಮೇಲೆ ಬಾಟಲಿ. ಬಾಯಿ ಮುಚ್ಚಿ, ಆಹಾರ ಒಳಕ್ಕೆ ಹೋಗುವವರೆಗೆ ಹಾಗೇ ಬಿಡಬೇಕು. ಅನೆಮೊನಿಯಲ್ಲೇ ವಾಸಿಸುವ ಕ್ಲೌನ್‌ಫಿಶ್ ಬಾಟಲಿಯೊಳಗೆ ಸಿಕ್ಕಿಕೊಂಡಿದೆಯಾ ನೋಡಿ, ನನ್ನ ಹೆಣ್ಣು ಮೀನು ಬಾಟಲಿಗೇ ಕಚ್ಚಲು ಬರುತ್ತದೆ.

ಫ್ರೋಜನ್ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ, ಹೆಪ್ಪುಗಟ್ಟಿಸಿ ಮಾರುವ ಆಹಾರ) ಕಳಿಸಿದವರ ಬಗ್ಗೆ ಒಂದು ಮಾತು ಹೇಳಲೇಬೇಕು. ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾದ ಪ್ಯಾಕೆಟ್ ಅದು. ಪೂರ್ತಿ ಒಂದೇ ಕಂದು ಮುದ್ದೆ. ಕೇಳಿದರೆ "ಹಾಗೇ ಇರುತ್ತೆ ಸಾರ್" ಅಂದರು. ಇರುವುದಿಲ್ಲ ಸ್ವಾಮಿ! ಒಡೆದ ಮೈಸಿಸ್ ನೀರಿಗೆ ಬಿಟ್ಟರೆ ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್‌ನ ಕಪ್ ತುಂಬುತ್ತದೆ, ಅನೆಮೊನಿಯ ಹೊಟ್ಟೆಯಲ್ಲ.

ಈಗ ಎಷ್ಟು ಸಲ ಅನ್ನುವ ಪ್ರಶ್ನೆಗೆ ಬರಬಹುದು. ಒಳ್ಳೆಯ ಬೆಳಕಿದ್ದರೆ ಅದರ ಮೈಯೊಳಗಿನ ಜೂಕ್ಸಾಂಥೆಲ್ಲೆ ಪಾಚಿಯೇ ಹೆಚ್ಚಿನ ಶಕ್ತಿ ಕೊಡುತ್ತದೆ. ಕ್ಲೌನ್‌ಫಿಶ್ ಹೊರಹಾಕುವ ಅಮೋನಿಯಾ ಆ ಪಾಚಿಗೆ ಗೊಬ್ಬರ. ಹಾಗಾಗಿ ಆರೋಗ್ಯವಾದ ಬಬಲ್ ಟಿಪ್‌ಗೆ ವಾರಕ್ಕೆ ಒಂದು ಸಲ ಸಾಕು, ಎರಡು ಸಲ ಅಂದರೆ ಧಾರಾಳ. ಬಿಳಿಚಿಕೊಂಡದ್ದಾದರೆ ಲೆಕ್ಕ ಬೇರೆ. ಪಾಚಿ ಹೋಗಿರುವುದರಿಂದ ಎರಡು ಮೂರು ದಿನಕ್ಕೊಮ್ಮೆ ಕೊಡಬೇಕು, ಮೈಸಿಸ್ ಗಾತ್ರ ದಾಟಬಾರದು. ಅನೆಮೊನಿ ಬೇಗ ಒಡೆದು ಎರಡಾಗಲಿ ಅಂತ ತುಂಬಾ ತಿನ್ನಿಸುವವರೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಅದು ತನ್ನ ಪಾಡಿಗೆ ಒಡೆಯಲಿ.

ಇದೆಲ್ಲದರ ಮಧ್ಯೆ ತಲೆಯಲ್ಲಿ ಹಡ್ಡೋನಿ ಕಾರ್ಪೆಟ್ ಎಂಬ ಇನ್ನೊಂದು ಬಗೆಯ ಅನೆಮೊನಿ ಓಡುತ್ತಿದೆ. ಅದಕ್ಕೆ ಬೇರೆಯದೇ ಟ್ಯಾಂಕ್ ಬೇಕು, ಪಾದ ಹೂಳಲು ಆಳವಾದ ಮರಳು ಬೇಕು. ಅರ್ಧ ಮೀಟರ್ ಅಗಲಕ್ಕೆ ಬೆಳೆಯುವ ಪ್ರಾಣಿ, ಓಡಾಡುವ ಮೀನನ್ನೂ ಹಿಡಿದು ನುಂಗುತ್ತದೆ. ಸ್ಟ್ಯಾಂಡಿನ ಅಳತೆ ಆಗಲೇ ಬರೆದಿಟ್ಟಿದ್ದೇನೆ.

ಸದ್ಯ ಬಬಲ್ ಟಿಪ್‌ಗೆ ವಾರದ ಎರಡನೆಯ ಊಟವಾಗಿ ಒಳ್ಳೆಯ ಮೈಸಿಸ್ ಶುರು ಮಾಡುತ್ತಿದ್ದೇನೆ, ಬೇರೆ ಕಡೆಯಿಂದ ತರಿಸಿದ್ದು. ಒಳಗೆ ಉಳಿದರೆ ಮುಂದುವರಿಸುತ್ತೇನೆ. ಬಿಳಿ ಉಂಡೆ ಮತ್ತೆ ಕಂಡರೆ ಮೊದಲು ಟಾರ್ಚ್ ಹಿಡಿದು ಶ್ರಿಂಪ್ ಎಲ್ಲಿದೆ ನೋಡುತ್ತೇನೆ, ಆಮೇಲೆ ವಾರಕ್ಕೆ ಒಂದೇ ಸಲ.