ನಿಮ್ಮ ಚರ್ಚು ಈಗ ಎಷ್ಟು ಜನರನ್ನು ಸೇರಿಸಿಕೊಂಡಿತು?

ನಾನು ಮಂಗಳೂರಿನ ಪ್ರೊಟೆಸ್ಟಂಟ್ ಮನೆತನದವಳು. ನಮ್ಮ ಹಿರಿಯರು ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಕಾಲದಲ್ಲಿ ಕ್ರೈಸ್ತರಾದವರು. ಇಷ್ಟು ಗೊತ್ತಾದ ಕೂಡಲೇ, ಬಸ್ಸಿನಲ್ಲಿ ಪಕ್ಕ ಕುಳಿತವರಿಂದ ಹಿಡಿದು ಹಳೆಯ ಸಹೋದ್ಯೋಗಿಗಳವರೆಗೆ ಎಲ್ಲರೂ ಮೇಲಿನ ಪ್ರಶ್ನೆಯನ್ನು, ಅಂದರೆ ಎಷ್ಟು ಜನರನ್ನು ಮತಾಂತರಿಸಿದಿರಿ ಎಂದು, ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದೇ ಹೇಳುತ್ತೇನೆ. ನನ್ನ ಸಭೆಯಲ್ಲಿ, ಅಂದರೆ ನನ್ನ ಚರ್ಚಿನಲ್ಲಿ, ದೀಕ್ಷಾಸ್ನಾನ ಪಡೆಯುವವರಲ್ಲಿ ಬಹುಪಾಲು ಸದಸ್ಯರ ಮನೆಗಳಲ್ಲೇ ಹುಟ್ಟಿದ ಕೂಸುಗಳು, ಮತ್ತು ತಣ್ಣೀರು ತಲೆಗೆ ಬಿದ್ದಾಗ ಅವು ಜೋರಾಗಿ ಅಳುತ್ತವೆ. ಲೆಕ್ಕ ಬೇಕಾದವರಿಗೆ ಲೆಕ್ಕ ಇಷ್ಟೇ.

ನನಗೆ ಸಿಟ್ಟು ತರಿಸುವುದು ಪ್ರಶ್ನೆಯಲ್ಲ, ಅದನ್ನು ಕೇಳುವ ರೀತಿ. ಒಂದು ಮದುವೆಯ ಊಟದಲ್ಲಿ, ಪಾಯಸ ಬಡಿಸುತ್ತಿದ್ದ ಹೊತ್ತಿಗೆ, ವರನ ಕಡೆಯ ಹಿರಿಯರೊಬ್ಬರು ನನ್ನತ್ತ ಬಾಗಿ, “ಅಲ್ಲ ಟೀಚರ್, ನಿಮ್ಮಲ್ಲಿ ಒಬ್ಬನನ್ನು ಸೇರಿಸಿದರೆ ತಲೆಗೆ ಎಷ್ಟು ಕೊಡ್ತಾರಂತೆ?” ಎಂದು ಕೇಳಿದರು. ತಲೆಗೆ! ಎಲೆಯ ಮುಂದೆ ಕುಳಿತೇ ನಾನು ಉತ್ತರಿಸಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತನೊಬ್ಬ ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಮಾನ್ಯತೆಯನ್ನೂ ಅದರೊಂದಿಗೆ ಮೀಸಲಾತಿಯನ್ನೂ ಕಳೆದುಕೊಳ್ಳುತ್ತಾನೆ. ಆ ಮಾನ್ಯತೆ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಪಡೆಯುವುದರ ಬಗ್ಗೆ ಕೇಳುವವರು ಕಳೆದುಕೊಳ್ಳುವುದರ ಬಗ್ಗೆಯೂ ಕೇಳಬೇಕಲ್ಲವೇ ಎಂದೆ. ಅವರು ಪಾಯಸದ ಕಡೆಗೆ ತಿರುಗಿದರು.

ಆದರೆ ಅಂದು ಊಟದ ನಡುವೆ ಹೇಳಲಾಗದ ಇನ್ನೊಂದು ಮಾತಿದೆ. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಸಭೆ ಸೇರಿದ ಬಿಲ್ಲವರು ಮೂರ್ತೆಯ, ಅಂದರೆ ಕಳ್ಳು ಇಳಿಸುವ, ಕಸುಬನ್ನು ಬಿಡಬೇಕಾಯಿತು, ಅನೇಕರಿಗೆ ಮನೆಯವರ ಆಸರೆಯೂ ತಪ್ಪಿತು. ಹೊಟ್ಟೆಪಾಡಿಗೆ ದಾರಿ ಬೇಕೆಂದು ಮಿಷನ್ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ಇದನ್ನು ಆಮಿಷ ಎನ್ನುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ಆದರೆ ಕೂಲಿ ಕೊಡುವವರೂ ಸಭೆಯ ಶಿಸ್ತನ್ನು ನೋಡಿಕೊಳ್ಳುವವರೂ ಒಂದೇ ಮಿಷನ್ನಿನವರಾಗಿದ್ದಾಗ, ಕೆಲಸಗಾರನು ಅವರ ಎದುರು ನಿಂತು ಮನಸ್ಸಿನಲ್ಲಿದ್ದುದನ್ನು ಹೇಳುವುದು ಎಷ್ಟು ಸಾಧ್ಯವಿತ್ತು? ಅದೇ ಮಿಷನ್ನಿನ ಕಿಟೆಲ್ಲರ ನಿಘಂಟನ್ನೂ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನೂ ಅಭಿಮಾನದಿಂದ ನೆನೆಯುವ ನಾವು ಈ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.

ವಿಚಿತ್ರವೆಂದರೆ ಹೊರಗಿನವರ ಪ್ರಶ್ನೆಯನ್ನೇ ಒಳಗಿನವರೂ ಕೇಳುತ್ತಾರೆ. “ನಿಮ್ಮ ಸಭೆ ತಣ್ಣಗಾಗಿದೆ, ಈ ವರ್ಷ ಎಷ್ಟು ಆತ್ಮಗಳನ್ನು ಗೆದ್ದಿರಿ?” ಎಂದು ಕೇಳುವ ಉತ್ಸಾಹಿ ಬೋಧಕರಿಗೂ, ತಲೆಗೆ ಎಷ್ಟು ಎಂದು ಕೇಳಿದ ಆ ಹಿರಿಯರಿಗೂ ಎಣಿಕೆಯೊಂದೇ ಮುಖ್ಯ. ಒಬ್ಬರು ಹೆಮ್ಮೆಗಾಗಿ ಎಣಿಸುತ್ತಾರೆ, ಇನ್ನೊಬ್ಬರು ಭಯದಿಂದ ಎಣಿಸುತ್ತಾರೆ.

ಎಣಿಕೆಯನ್ನು ಬಿಟ್ಟು ಯೋಚಿಸಿದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. 1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಮಿಷನರಿ ಸಮ್ಮೇಳನ ಸೇರಿದಾಗ, ಸುಮಾರು 1,200 ಪ್ರತಿನಿಧಿಗಳ ನಡುವೆ ಏಷ್ಯಾದವರು ಬೆರಳೆಣಿಕೆಯಷ್ಟು ಮಾತ್ರ ಇದ್ದರು. ಅವರಲ್ಲಿ ಒಬ್ಬರಾದ ಭಾರತದ ವಿ. ಎಸ್. ಅಜರಯ್ಯನವರು, ಮುಂದೆ 1912ರಲ್ಲಿ ತೆಲುಗು ನಾಡಿನ ದೋರ್ನಕಲ್ಲಿನ ಬಿಷಪ್ಪರಾದವರು, ಮಿಷನರಿಗಳ ತ್ಯಾಗಕ್ಕೆ ಕೃತಜ್ಞತೆ ಹೇಳಿ, ನಮಗೆ ಪ್ರೀತಿ ಬೇಕು, ಸ್ನೇಹಿತರನ್ನು ಕೊಡಿ ಎಂದು ನೇರವಾಗಿ ಕೇಳಿಕೊಂಡರು. ಅಲ್ಲಿದ್ದ ಹಲವರಿಗೆ ಆ ಮಾತು ಹಿಡಿಸಲಿಲ್ಲ. 1971ರಲ್ಲಿ ಕೆನ್ಯಾದ ಚರ್ಚ್ ನಾಯಕ ಜಾನ್ ಗಾಟು ಇನ್ನೂ ಮುಂದೆ ಹೋಗಿ, ಆಫ್ರಿಕದ ಸಭೆಗಳು ತಮ್ಮ ಕಾಲ ಮೇಲೆ ನಿಲ್ಲುವುದಕ್ಕಾಗಿ ಪಶ್ಚಿಮದಿಂದ ಮಿಷನರಿಗಳನ್ನೂ ಹಣವನ್ನೂ ಕಳಿಸುವುದನ್ನು ಕೆಲಕಾಲ ನಿಲ್ಲಿಸಬೇಕೆಂದು ಕರೆಕೊಟ್ಟರು.

ಈ ಮಾತುಗಳು ಹಳ್ಳಿಯ ಮಟ್ಟಕ್ಕೆ ಇಳಿದಿಲ್ಲ. ಒಂದು ಆರೋಗ್ಯ ಶಿಬಿರದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಶಾಲೆಯ ಜಗಲಿಯಲ್ಲಿ ಬೆಂಚು ಹಾಕಿದ್ದರು. ಬೀಡಿ ಕಟ್ಟುವ ಹೆಂಗಸೊಬ್ಬಳ ಬಲತೋಳಿಗೆ ನರ್ಸ್ ಬಿಪಿ ನೋಡುವ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದಾಗ, ಕಾರ್ಯಕರ್ತನೊಬ್ಬ ಬಂದು ಆಕೆಯ ಎಡಗೈಯಲ್ಲಿ ಕರಪತ್ರವಿಟ್ಟು ಪ್ರಾರ್ಥನೆ ಮಾಡಲೇ ಎಂದು ಕೇಳಿದ. ಆಕೆ ತಲೆಯಾಡಿಸಿದಳು. ಪಟ್ಟಿ ಬಿಗಿದ ತೋಳನ್ನು ಚಾಚಿ ಕುಳಿತವಳು ಬೇಡವೆನ್ನುವುದು ಹೇಗೆ? ಅವನ ಭಕ್ತಿಯಲ್ಲಿ ನನಗೆ ಅನುಮಾನವಿಲ್ಲ, ಆದರೆ ಅದು ಸುವಾರ್ತೆಯಲ್ಲ, ಕ್ರಿಸ್ತನ ಶುಭಸಂದೇಶವಲ್ಲ. ಜನರ ಬಡತನವನ್ನೂ ಕಷ್ಟವನ್ನೂ ಧರ್ಮಪ್ರಚಾರಕ್ಕಾಗಿ ದುರುಪಯೋಗಪಡಿಸಿಕೊಳ್ಳುವುದಕ್ಕೆ ಜಾಗವಿಲ್ಲ ಎಂದು ಸಭೆಗಳ ವಿಶ್ವ ಒಕ್ಕೂಟ, ವ್ಯಾಟಿಕನ್ನಿನ ಅಂತರಧರ್ಮ ಸಂವಾದ ಮಂಡಳಿ ಮತ್ತು ಸುವಾರ್ತಾವಾದಿಗಳ ವಿಶ್ವ ಒಕ್ಕೂಟ ಒಟ್ಟಾಗಿ 2011ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ಅದನ್ನು ಕನ್ನಡದಲ್ಲಿ ಅಚ್ಚುಹಾಕಿಸಿ, ಶಿಬಿರಕ್ಕೆ ಹೊರಡುವ ಪ್ರತಿಯೊಬ್ಬನಿಗೂ ಮೊದಲು ಓದಿಸಬೇಕು. ವೈದ್ಯರನ್ನು ಕಳಿಸುವುದಾದರೆ ವೈದ್ಯರನ್ನು ಕಳಿಸೋಣ; ನಂಬಿಕೆಯ ಬಗ್ಗೆ ಕೇಳಬೇಕೆನಿಸಿದವರು ಇನ್ನೊಂದು ದಿನ ತಾವಾಗಿಯೇ ಕೇಳಲಿ, ಆಗ ಮುಚ್ಚುಮರೆಯಿಲ್ಲದೆ ಹೇಳೋಣ. ಹೇಳುವ ಹಕ್ಕನ್ನು ಸಂವಿಧಾನದ 25ನೆಯ ವಿಧಿ ಕೊಟ್ಟಿದೆ, ಅದನ್ನು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ.

ಎಷ್ಟು ಜನ ಬಂದರು ಎಂಬುದರ ಬದಲು, ಬಂದವರನ್ನು ನೀವು ಹೇಗೆ ನಡೆಸಿಕೊಂಡಿರಿ ಎಂದು ಯಾರಾದರೂ ನನ್ನನ್ನು ಕೇಳಬಾರದೇ? ಆ ಪ್ರಶ್ನೆಯ ಎದುರು ಸಭೆಗಳು ನಿಜಕ್ಕೂ ತಲೆ ತಗ್ಗಿಸಬೇಕು. ತಿರುಚಿರಾಪಳ್ಳಿಯಲ್ಲಿ ಕ್ಯಾಥೋಲಿಕ್ ಸ್ಮಶಾನದೊಳಗೇ ದಲಿತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆ ಎದ್ದಿತ್ತು. ಸತ್ತವರ ಪಾಡು ಹಾಗಿರಲಿ, ಕ್ರೈಸ್ತ ವಧೂವರರ ಜಾಹೀರಾತುಗಳಲ್ಲಿ ಇಂದಿಗೂ ಜಾತಿಯ ಹೆಸರು ಕಾಣುತ್ತದೆ. ಸಮಾನತೆಯ ಆಸೆಯಿಂದ ಬಂದವನಿಗೆ ಹೆಣ್ಣು ಕೊಡಲು ಹಿಂದೇಟು ಹಾಕುವವರು ಪಕ್ಕದ ತಾಲೂಕಿಗೆ ಹೋಗಿ ಏನನ್ನು ಸಾರುತ್ತಾರೆ?

ಆದ್ದರಿಂದ ಈ ವರ್ಷದ ಮಿಷನ್ ಭಾನುವಾರದ ಕಾಣಿಕೆಯನ್ನು ಹೊಸ ಕ್ಷೇತ್ರಕ್ಕೆ ಕಳಿಸುವ ಮೊದಲು, ನಮ್ಮಲ್ಲಿಗೆ ಬಂದು ಸದ್ದಿಲ್ಲದೆ ಬಿಟ್ಟುಹೋದ ಕುಟುಂಬಗಳ ಮನೆಗೆ ಹೋಗಿ, ಯಾಕೆ ಬಿಟ್ಟಿರಿ ಎಂದು ಕೇಳಿ, ಅವರು ಹೇಳಿದ್ದನ್ನು ತಿದ್ದದೆ ವರದಿಯಲ್ಲಿ ಸೇರಿಸೋಣ ಎಂದು ಸಭಾ ಸಮಿತಿಗೆ ಬರೆದುಕೊಟ್ಟಿದ್ದೇನೆ. ಇದು ಮಿಷನ್ ಕೆಲಸವೇ ಅಲ್ಲವೆಂದು ಕೆಲವರು ಹಟ ಹಿಡಿದಿದ್ದಾರೆ. ಸಭಾಪಾಲಕರು ಮುಂದಿನ ತಿಂಗಳ ಸಭೆಗೆ ಅದನ್ನು ಚರ್ಚೆಗೆ ಇಟ್ಟಿದ್ದಾರೆ, ಮತ್ತು ನಾನು ಹೋಗುತ್ತೇನೆ.